ಕೆಂಪು ಅಂಚಿನಲ್ಲೊಂದು ಹೆಬ್ಬೆರಳು

"ಏಣಿ ಸರಿಯಾಗಿ ಹಿಡ್ಕೋಪ್ಪಾ. ನಾನು ಬಿದ್ದು ಸತ್ತರೆ ಈ ಹಾಲ್‌ಗೆ ನನ್ನ ಹೆಸರಿಡಬೇಕಾಗುತ್ತೆ," ಅಂದಳು ಬೆರಳಮ್ಮ.

ಫ್ರೇಮು ಹಾಕುವವನು ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳನ್ನು ಅಂಗೈಗೆ ಉಗುಳಿದ. "ಏನು ನೋಡಬೇಕು ಹೇಳಿ ಮೇಡಂ, ನಾನೇ ಹತ್ತಿ ನೋಡಿ ಹೇಳ್ತೀನಿ."

"ಇಷ್ಟು ದಿನ ಅದರ ಮುಂದೇನೇ ಸುತ್ತಿಗೆ ಬಡೀತಿದ್ದೀಯ. ನಿನಗೆ ಕಾಣೋ ಹಾಗಿದ್ದಿದ್ದರೆ ಆಗಲೇ ಕಾಣೋದು."

ಗೋಡೆಯ ತುಂಬ ಒಂದೇ ಫೋಟೋ. ಎಲೆಯ ತೆಳುವಾದ ಸೀಳು, ಅದರ ಕೆಳಮೈಗೆ ಅಂಟಿ ಗುಂಪುಗುಂಪಾಗಿ ಕೂತ ಕಿತ್ತಳೆ ಬಣ್ಣದ ಕಾಳುಗಳು, ಸುತ್ತ ಕೆಂಪು ಅಂಚು. ಕಿರುಬೆರಳಿನಷ್ಟು ಉದ್ದದ ಗಾಜಿನ ಸ್ಲೈಡೊಂದನ್ನು ಎರಡಾಳೆತ್ತರಕ್ಕೆ ಹಿಗ್ಗಿಸಿ ನಿಲ್ಲಿಸಿದ್ದರು. ಬೆಳೆಗೆ ತುಕ್ಕುರೋಗ ತರುವ ಬೂಜು, ಹೊಲ ಖಾಲಿಯಿದ್ದಾಗ ಎಲ್ಲಿ ಅಡಗಿಕೊಂಡಿರುತ್ತದೆಂದು ಯಾರಿಗೂ ತಿಳಿಯದಿದ್ದ ಕಾಲದಲ್ಲಿ, ರಸ್ತೆಬದಿಯ ಒಂದು ಕಳೆಗಿಡದ ಎಲೆಯಡಿ ಅದನ್ನು ಹಿಡಿದು ತೋರಿಸಿದ ಸ್ಲೈಡು. ಹಿಡಿದವರು ದೊಡ್ಡ ಡಾಕ್ಟರು. ಹಾಗೆಂದು ಪಾಠಪುಸ್ತಕ ಹೇಳುತ್ತದೆ. ನಾಳೆ ಬೆಳಗ್ಗೆ ಈ ಹಾಲ್ ಅವರ ಹೆಸರಿನಲ್ಲಿ ತೆರೆಯುತ್ತದೆ. ಮೂಲೆಯಲ್ಲಿ ಅವರ ಎದೆಮಟ್ಟದ ಪ್ರತಿಮೆ ಬಿಳಿ ಬಟ್ಟೆ ಹೊದ್ದು, ಕ್ಷೌರಕ್ಕೆ ಕೂತವರ ಹಾಗೆ ಕಾಯುತ್ತಿತ್ತು.

ಫೋಟೋದ ಕೆಳಗಿನ ಗಾಜಿನ ಪೆಟ್ಟಿಗೆ ಮಾತ್ರ ಖಾಲಿ. ಅಸಲಿ ಸ್ಲೈಡು ಅದರಿಂದ ಮೊನ್ನೆ ಮಾಯವಾಗಿತ್ತು.

"ಇದನ್ನ ಓದಿದ್ರಾ?" ಪೆಟ್ಟಿಗೆಯ ಪಕ್ಕದ ಫಲಕ ತೋರಿಸುತ್ತ ಕೆಳಗಿನಿಂದ ಟೀಚರು ಕೇಳಿದಳು. "'ಸಂಶೋಧಕರು ಸ್ವತಃ ರೂಪಿಸಿದ ವಿಶೇಷ ಕೆಂಪು ಮೇಣದಿಂದ ಅಂಚು ಕಟ್ಟಲಾಗಿದೆ.' ಮೇಣವಂತೆ. ಅದು ಉಗುರುಬಣ್ಣ. ಗಂಡಸರ ರೂಮಿಗೆ ಮಾತ್ರ ಮೇಣ ಮಂಜೂರಾಗ್ತಿತ್ತು. ಅಮ್ಮ ಅಂಗಡಿಯಿಂದ ಉಗುರುಬಣ್ಣ ತಂದು ಅಂಚು ಕಟ್ಟೋಳು. ಇವತ್ತಿಗೂ ಯಾವ ಬಣ್ಣ ಎಷ್ಟು ಬೇಗ ಒಣಗುತ್ತೆ ಅಂತ ಅವಳಿಗೆ ಬಾಯಿಪಾಠ. ಹಚ್ಚಿಕೊಂಡಿದ್ದನ್ನ ಮಾತ್ರ ನಾನು ಒಂದಿನ ನೋಡಿಲ್ಲ."

"ದೊಡ್ಡ ಡಾಕ್ಟರು ಹಚ್ಚಿಕೊಳ್ತಿದ್ದರೇನೋ, ಯಾರಿಗೆ ಗೊತ್ತು," ಅಂದಳು ಬೆರಳಮ್ಮ.

ಟೀಚರು ನಕ್ಕಳು. ಆ ನಗು ಕೇಳಲು ಬೆರಳಮ್ಮನಿಗೆ ಇಷ್ಟವಾಗುತ್ತಿತ್ತು. ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಹೇಳುವ ಹೆಂಗಸು. ವರ್ಷವರ್ಷವೂ ತುಕ್ಕುರೋಗದ ಪಾಠದಲ್ಲಿ ತನ್ನ ತಾಯಿಯನ್ನು ಮುಳುಗಿಸಿದವನ ಹೆಸರನ್ನು ಬೋರ್ಡಿನ ಮೇಲೆ ತಾನೇ ಬರೆಯಬೇಕು. ಈ ವರ್ಷ ಸೀಮೆಸುಣ್ಣ ಕೆಳಗಿಟ್ಟು ಬೆರಳಮ್ಮನ ಬಾಗಿಲು ತಟ್ಟಿದ್ದಳು. ಈ ಸ್ಲೈಡು ನನ್ನಮ್ಮ ಮಾಡಿದ್ದು, ಸಾಧಿಸಿಕೊಡಿ.

ಉಗುರುಬಣ್ಣವೊಂದೇ ಸಾಕಾಗಿರಲಿಲ್ಲ. ಉಗುರುಬಣ್ಣ ಯಾರು ಬೇಕಾದರೂ ಬಳಸಬಹುದಲ್ಲ ಎಂದು ಸಂಸ್ಥೆಯ ನಿರ್ದೇಶಕಿ ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದರು.

ಬೆರಳಮ್ಮ ಭೂತಗನ್ನಡಿಯನ್ನು ಫೋಟೋದ ಎಡ ಅಂಚಿಗೆ ಹಿಡಿದಳು. ಕೆಂಪು ಅಲ್ಲಿ ನಯವಾಗಿರಲಿಲ್ಲ. ಉಳುಮೆ ಮಾಡಿದ ಹೊಲದ ಹಾಗೆ ಸಾಲುಸಾಲು ಗೆರೆ. ಗೆರೆಗಳು ಒಂದು ಬದಿಯಿಂದ ಹತ್ತಿ, ಬಾಗಿ, ಅದೇ ಬದಿಗೆ ಇಳಿದಿದ್ದವು.

ಅವಳ ಬೆನ್ನಹುರಿಯಲ್ಲಿ ಹಳೆಯ ಖುಷಿಯೊಂದು ಸರಿದುಹೋಯಿತು. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಇಡೀ ನೌಕರಿ ಕಳೆದವಳು ಅವಳು. ಸಾವಿರಾರು ಬೆರಳು ಓದಿ ವರದಿ ಬರೆದವಳು. ಕೋರ್ಟಿನಲ್ಲಿ ಆ ವರದಿಗಳನ್ನು ತಮ್ಮದೆಂದು ಓದಿದವರು ಮೇಲಧಿಕಾರಿಗಳು. ಇಲಾಖೆ ಅವಳಿಗೆ ಕೊಟ್ಟದ್ದು ಪಿಂಚಣಿ ಮತ್ತು ಈ ಅಡ್ಡಹೆಸರು.

"ಟೀಚರಮ್ಮ, ಹಸಿ ಬಣ್ಣದ ಮೇಲೆ ಯಾರೋ ಹೆಬ್ಬೆರಳು ಒತ್ತಿದ್ದಾರೆ."

"ಅಮ್ಮಂದಾ?"

"ಅಲ್ಲ. ಸ್ಲೈಡಿನ ಅಳತೆಗೆ ತಂದು ನೋಡಿದರೆ ಗೆರೆ ತೀರಾ ಒತ್ತೊತ್ತಾಗಿದೆ. ಮಗುವಿನ ಬೆರಳು."

ಟೀಚರು ಮುಖ ಮೇಲೆತ್ತಿದಳು. "ಲ್ಯಾಬ್‌ನಲ್ಲಿ ಮಗು ಎಲ್ಲಿಂದ ಬರುತ್ತೆ?"

"ಅದು ಮುಚ್ಚಿಹೋಗುತ್ತೆ ಬಿಡಿ ಮೇಡಂ," ಫ್ರೇಮಿನವನು ಸಮಾಧಾನ ಹೇಳುವ ದನಿಯಲ್ಲಿ ಅಂದ. "ಫ್ರೇಮು ಅಗಲ ಮಾಡು, ಕೆಂಪು ಒಂಚೂರೂ ಕಾಣಬಾರದು ಅಂತ ನಿರ್ದೇಶಕಿ ಮೇಡಂ ಮೊನ್ನೆ ಹೇಳಿ ಹೋದ್ರು. ಮಾಡಿದ್ದನ್ನೆಲ್ಲ ಬಿಚ್ಚಿ ಮತ್ತೆ ಮಾಡ್ತಿದ್ದೀನಿ ನೋಡಿ, ನನ್ನ ಕರ್ಮ."

ಬೆರಳಮ್ಮ ಏಣಿ ಇಳಿದಳು.

ಕೆಳಗೆ ಬಂದು ಇಂಕಿನ ಪ್ಯಾಡು ತೆಗೆದಾಗ ಟೀಚರು ಕೈ ಹಿಂದಕ್ಕೆ ಎಳೆದುಕೊಂಡಳು. "ನನ್ನ ಹೆಬ್ಬೆಟ್ಟು ಯಾಕೆ? ಇಷ್ಟು ಓದಿದ ಮೇಲೂ ಹೆಬ್ಬೆಟ್ಟಾ?"

"ಸಿಕ್ಕಿದವರದ್ದೆಲ್ಲ ತಗೊಳ್ಳೋದು ನನ್ನ ಚಾಳಿ. ಫ್ರೇಮಿನವನದ್ದೂ ಆಗಲೇ ತಗೊಂಡಿದ್ದೀನಿ, ಬೇಕಾದರೆ ಕೇಳು."

"ನಾನು ಈ ಕಟ್ಟಡದೊಳಗೆ ಕಾಲಿಟ್ಟಿರೋದೇ ಈ ವಾರ. ಚಿಕ್ಕವಳಿದ್ದಾಗ ಒಂದು ಸಲವೂ ಕರ್ಕೊಂಡು ಬಂದಿರಲಿಲ್ಲ ಅಂತ ಅಮ್ಮ ಎಷ್ಟು ಸಲ ಹೇಳಿದ್ದಾಳೆ."

ಹೇಳಿದ್ದಾಳೆ. ಬೆರಳಮ್ಮ ಆ ಮಾತನ್ನು ಮನಸ್ಸಿನಲ್ಲಿ ಒಂದು ಕಡೆ ಎತ್ತಿಟ್ಟಳು. ಬಲ ಹೆಬ್ಬೆರಳನ್ನು ಇಂಕಿನ ಮೇಲೆ ಹೊರಳಿಸಿ ಕಾಗದಕ್ಕೆ ಒತ್ತಿದಳು. ಮೂಡಿದ ಅಚ್ಚಿನ ನಡುವೆ ಒಂದು ಬೋಳು ಜಾಗ. ಸುಟ್ಟು ವಾಸಿಯಾದ ಚರ್ಮ, ಗೆರೆಯಿಲ್ಲ.

"ಇದೇನಮ್ಮ?"

"ಇಸ್ತ್ರಿ ಪೆಟ್ಟಿಗೆ ಮುಟ್ಟಿದ್ದೆನಂತೆ. ನನಗೆ ನೆನಪಿಲ್ಲ. ಅಮ್ಮ ಆಮೇಲೆ ಇಸ್ತ್ರಿ ಪೆಟ್ಟಿಗೇನ ಮನೆಯೊಳಗೇ ಸೇರಿಸಲಿಲ್ಲ. ಈಗಲೂ ನಮ್ಮನೇಲಿ ಬಟ್ಟೆಯೆಲ್ಲ ಮಡಚಿ ಹಾಸಿಗೆ ಕೆಳಗಿಡೋದು." ಟೀಚರು ಇಂಕಾದ ಬೆರಳಿನ ಅಚ್ಚನ್ನೂ ಗೋಡೆಯ ಮೇಲಿನ ಕೆಂಪು ಅಂಚನ್ನೂ ಮೊಬೈಲಿನಲ್ಲಿ ಕ್ಲಿಕ್ಕಿಸಿಕೊಂಡಳು. "ನನ್ನ ಹುಡುಗೀರಿಗೆ ತೋರಿಸ್ತೀನಿ. ಪುಸ್ತಕದ ಪಾಠಕ್ಕಿಂತ ಇದು ವಾಸಿ. ಬೆಲ್ ಹೊಡೆಯೋ ಹೊತ್ತಾಯ್ತು, ಬರಲಾ?"

ಅವಳು ಹೋದ ಮೇಲೆ ಬೆರಳಮ್ಮ ಹಾಲ್‌ನ ಬೆಂಚಿನ ಮೇಲೆ ಕೂತಳು. ಏಣಿಯ ಮೇಲೆ ಮೊಬೈಲಿನಲ್ಲಿ ಹಿಡಿದಿದ್ದ ಕೆಂಪು ಅಂಚಿನ ಫೋಟೋವನ್ನೂ ಕಾಗದದ ಅಚ್ಚನ್ನೂ ಮಡಿಲಲ್ಲಿ ಅಕ್ಕಪಕ್ಕ ಇಟ್ಟುಕೊಂಡಳು. ಬೆರಳು ಬೆಳೆಯುತ್ತದೆ, ಗೆರೆಗಳ ಜಾಡು ಬದಲಾಗುವುದಿಲ್ಲ. ಅಂಚಿನಲ್ಲಿ ಗೆರೆಯೊಂದು ಕವಲೊಡೆಯುತ್ತಿತ್ತು. ಇಲ್ಲೂ ಕವಲು, ಅಲ್ಲೂ ಕವಲು. ಅದರ ಪಕ್ಕ ತುಂಡಾಗಿ ನಿಂತ ಗೆರೆ, ಇಲ್ಲೂ, ಅಲ್ಲೂ. ಒಂದೊಂದೇ ಕೂಡಿಕೊಂಡು ಬಂತು.

ನಡುವೆ ಮಾತ್ರ ಕೂಡಲಿಲ್ಲ. ಟೀಚರ ಬೆರಳಿನ ನಡುವೆ ಸುಟ್ಟ ಕಲೆ. ಮಗುವಿನ ಬೆರಳಿನ ನಡುವೆ ಗೆರೆಗಳು ನೀಟಾಗಿ, ಬಾಚಿದ ಕೂದಲಿನ ಹಾಗೆ.

ಎದುರಿನ ಗೋಡೆಯಲ್ಲಿ ಒಂದು ಹಳೆಯ ಗುಂಪುಫೋಟೋ. ಗಂಡಸರ ಹೆಸರುಗಳನ್ನೆಲ್ಲ ಎಡದಿಂದ ಬಲಕ್ಕೆ ಅಚ್ಚುಕಟ್ಟಾಗಿ ಬರೆದು, ಕೊನೆಗೆ 'ಮತ್ತು ಇತರರು' ಎಂದಿತ್ತು. ಇತರರು ಇಬ್ಬರು. ಒಬ್ಬಳು ಟೀಚರ ತಾಯಿ, ಡಾಕ್ಟರೇಟಿಗೆ ಓದುತ್ತಿದ್ದ ಸಂಶೋಧಕಿ. ಅವಳ ಭುಜಕ್ಕೆ ಭುಜ ತಾಗಿಸಿ ನಿಂತ ಎಳೆಯ ಹುಡುಗಿ ಈಗ ಇದೇ ಸಂಸ್ಥೆಯ ನಿರ್ದೇಶಕಿ.

ಬೆರಳಮ್ಮ ಎದ್ದಳು.

* * *

ನಿರ್ದೇಶಕಿಯ ರೂಮಿನಲ್ಲಿ ಅವರ ಬಗ್ಗೆ ಬಂದ ಪತ್ರಿಕೆಯ ಪುಟವೊಂದಕ್ಕೆ ಕಟ್ಟು ಹಾಕಿಸಿದ್ದರು. 'ಈ ಕುರ್ಚಿಯಲ್ಲಿ ಮೊದಲ ಮಹಿಳೆ.' ಅದರ ಕೆಳಗೆ ಕೂತು ಅವರು ಫ್ಲಾಸ್ಕಿನಿಂದ ಟೀ ಬಗ್ಗಿಸಿದರು.

"ಸಕ್ಕರೆ?"

"ಬೇಡ. ಕಳ್ಳತನದ ಬಗ್ಗೆ ಪೊಲೀಸರಿಗೆ ದೂರು ಕೊಟ್ಟಿರಾ?"

"ಕೊಟ್ಟಿದ್ದೇವಲ್ಲ."

"ಕೊಟ್ಟಿಲ್ಲ. ಸ್ಟೇಷನ್ನಿನಲ್ಲಿ ಇನ್ನೂ ನನ್ನ ಪರಿಚಯದವರಿದ್ದಾರೆ. ಪೆಟ್ಟಿಗೆಯ ಬೀಗ ಒಡೆದಿಲ್ಲ, ಕೀಲಿ ನಿಮ್ಮ ಹತ್ತಿರ ಮಾತ್ರ ಇರೋದು. ಕಳವಾದವರು ದೂರು ಕೊಡ್ತಾರೆ ಮೇಡಂ. ಫ್ರೇಮು ಅಗಲ ಮಾಡಿಸೋದಿಲ್ಲ."

ಟೀ ಕಪ್ಪು ತಟ್ಟೆಯ ಮೇಲೆ ಸಣ್ಣಗೆ ಸದ್ದು ಮಾಡಿತು.

"ಫ್ರೇಮು ಅಂದ ಕಾಣಲಿ ಅಂತ."

"ಬೆರಳು ಕಾಣದಿರಲಿ ಅಂತ." ಬೆರಳಮ್ಮ ಎರಡು ಅಚ್ಚುಗಳನ್ನು ಮೇಜಿನ ಮೇಲಿಟ್ಟಳು. "ಗೋಡೆ ಮೇಲಿರೋದು ಇದು. ಇದು ಟೀಚರದ್ದು. ಒಂದೇ ಬೆರಳು. ಈಗ ನೀವು ಹೇಳಿ. ದೊಡ್ಡ ಡಾಕ್ಟರು ತಮ್ಮ ರೂಮಿನಲ್ಲಿ ಒಬ್ಬರೇ ಕೂತು ಮಾಡಿದ ಸ್ಲೈಡಿನ ಹಸಿ ಬಣ್ಣದ ಮೇಲೆ ಆ ಮಗು ಹೇಗೆ ಬೆರಳಿಟ್ಟಿತು?"

ನಿರ್ದೇಶಕಿ ಕಾಗದವನ್ನು ಮುಟ್ಟಲಿಲ್ಲ. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಳ್ಳದೆ ಹಿಡಿದುಕೊಂಡೇ ಕೂತರು.

"ಮಕ್ಕಳನ್ನು ಒಳಗೆ ತರೋ ಹಾಗಿರಲಿಲ್ಲ," ಅಂದರು.

"ತಂದವರೊಬ್ಬರಿದ್ದರು."

"ಒಂದೇ ದಿನ. ಮಗುವಿಗೆ ಜ್ವರ, ನೋಡ್ಕೊಳ್ಳೋಕೆ ಯಾರೂ ಇಲ್ಲ. ಗಂಡ ಊರಲ್ಲಿಲ್ಲ. ಇದ್ದಿದ್ದರೂ ಅಷ್ಟೇ ಬಿಡಿ. ಸಂಜೆ ಹೊರಗಿನ ಕಮಿಟಿ ಬರುತ್ತೆ, ಅಕ್ಕ ಸ್ಲೈಡು ತೋರಿಸಲೇಬೇಕು." ಅಕ್ಕ ಎಂಬುದು ಅವರ ಬಾಯಿಂದ ತಾನಾಗಿ ಬಂತು. "ಹಿಂದಿನ ಗೇಟಿನಿಂದ, ಕೋಟಿನೊಳಗೆ ಮುಚ್ಚಿಕೊಂಡು ಕರ್ಕೊಂಡು ಬಂದರು. ಮೇಜಿನ ಕೆಳಗೆ ಹೊದಿಕೆ ಹಾಸಿ ಮಲಗಿಸಿದ್ದು ನಾನೇ."

"ಮಗು ಎದ್ದು ಸ್ಲೈಡು ಮುಟ್ಟಿತು."

"ಅಂಚು ಕಟ್ಟಿ ಒಣಗೋಕೆ ಇಟ್ಟಿದ್ದರು. ಕೆಂಪಗೆ ಹೊಳೀತಿತ್ತಲ್ಲ. ಯಾವ ಮಗುವಾದರೂ ಮುಟ್ಟುತ್ತೆ. ಅಷ್ಟರಲ್ಲಿ ದೊಡ್ಡ ಡಾಕ್ಟರು ಬಂದರು. ಮಗುವನ್ನು ನೋಡಿದರು. ಸ್ಲೈಡನ್ನು ನೋಡಿದರು. ಮೈಕ್ರೋಸ್ಕೋಪಿಗೆ ಬಗ್ಗಿದವರು ತುಂಬ ಹೊತ್ತು ಏಳಲೇ ಇಲ್ಲ. ಎದ್ದು, ಹಾಳಾಯ್ತು ಅಂದರು."

"ತಾಯಿ ನೋಡಲಿಲ್ಲವಾ?"

"ಬಿಡಲಿಲ್ಲ. ಮೊದಲು ಆ ಮಗುವನ್ನು ಆಚೆ ಕರ್ಕೊಂಡು ಹೋಗಿ ಅಂತ ಕೂಗಾಡಿದರು. ಅಕ್ಕ ಅಲ್ಲಾಡಲಿಲ್ಲ. ಆಗ ನನ್ನನ್ನು ಕರೆದರು. ನೀನು ನೋಡಿ ಹೇಳು ಅಂದರು." ನಿರ್ದೇಶಕಿ ಟೀ ಕಪ್ಪನ್ನು ಪಕ್ಕಕ್ಕೆ ಸರಿಸಿದರು. "ನೋಡಿದೆ. ಅಷ್ಟು ಸ್ಪಷ್ಟವಾದ ಸ್ಲೈಡನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ. ಈ ಕುರ್ಚಿಗೆ ಬಂದ ಮೇಲೂ ನೋಡಿಲ್ಲ. ಮಗು ಒತ್ತಿದ್ದು ಅಂಚನ್ನಷ್ಟೇ. ಒಳಗೆ ಒಂದು ಕಾಳೂ ಕದಲಿರಲಿಲ್ಲ."

"ಏನಂದಿರಿ?"

"ಹಾಳಾಗಿದೆ ಸಾರ್ ಅಂದೆ."

ಹೊರಗೆ ಫ್ರೇಮಿನವನ ಸುತ್ತಿಗೆ ಬಡಿಯುತ್ತಿತ್ತು.

"ಅವರ ಮಾತನ್ನು ಅಕ್ಕ ನಂಬುತ್ತಿರಲಿಲ್ಲ," ನಿರ್ದೇಶಕಿ ಮುಂದುವರಿಸಿದರು. "ನನ್ನ ಮಾತು ನಂಬಿದರು. ಮೈಕ್ರೋಸ್ಕೋಪ್ ಹಿಡಿಯೋಕೆ ನನಗೆ ಕಲಿಸಿದ್ದೇ ಅವರು. ದೊಡ್ಡ ಡಾಕ್ಟರು ಸ್ಲೈಡನ್ನು ಕಸಕ್ಕೆ ಹಾಕ್ತೀನಿ ಅಂತ ಜೇಬಿಗೆ ಹಾಕಿಕೊಂಡರು. ಮಗು ತಂದದ್ದಕ್ಕೆ, ಸ್ಲೈಡು ಹಾಳು ಮಾಡಿದ್ದಕ್ಕೆ ಅಕ್ಕನ ಕೆಲಸ ಹೋಯಿತು. ಆಮೇಲೆ ತಾವೇ ಹೊಸದಾಗಿ ಮಾಡಿದ್ದು ಅಂತ ಅದೇ ಸ್ಲೈಡನ್ನು ಕಮಿಟಿಗೆ ತೋರಿಸಿದರು. ಖಾಲಿಯಾದ ಜಾಗ ನನಗೆ ಸಿಕ್ಕಿತು."

"ಮೊದಲ ಮಹಿಳೆ," ಅಂದಳು ಬೆರಳಮ್ಮ, ಗೋಡೆಯ ಕಡೆ ನೋಡುತ್ತ.

"ಆಡಿಕೊಳ್ಳಿ. ನಾನು ದಿನಾ ಆಡಿಕೊಳ್ತೀನಿ. ಅವತ್ತು ನಾನು 'ಚೆನ್ನಾಗಿದೆ ಸಾರ್' ಅಂದಿದ್ದರೆ ಇಬ್ಬರೂ ಹೊರಗೆ ಬೀಳ್ತಿದ್ದೆವು ಅಂತ ನನಗೆ ನಾನೇ ಎಷ್ಟು ವರ್ಷ ಹೇಳಿಕೊಂಡೆ ಗೊತ್ತಾ? ಅದು ನಿಜವೂ ಹೌದು. ನಿಜ ಆಗಿದ್ದರಿಂದ ಏನೂ ಕಮ್ಮಿಯಾಗಲಿಲ್ಲ."

ಒಬ್ಬಳನ್ನು ಹೊರಗೆ ಹಾಕಲು ದೊಡ್ಡ ಡಾಕ್ಟರಿಗೆ ಇನ್ನೊಬ್ಬಳ ಬಾಯಿ ಬೇಕಾಗಿತ್ತು. ಗಂಡಸು ಹೇಳಿದರೆ ದ್ವೇಷ ಅನ್ನಿಸಬಹುದು. ಹೆಂಗಸೇ ಹೇಳಿದರೆ ಅದು ವಿಜ್ಞಾನ. ಬೆರಳಮ್ಮನಿಗೆ ತನ್ನ ಇಲಾಖೆ ನೆನಪಾಯಿತು. ಈ ಹೆಂಗಸಿನ ಮೇಲೆ ಬರಬೇಕಾದಷ್ಟು ಸಿಟ್ಟು ಬರಲಿಲ್ಲ. ಅದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

"ಹೊರಗೆ ಹೋದ ಮೇಲೆ ತಾಯಿ ಏನು ಮಾಡಿದರು?"

ನಿರ್ದೇಶಕಿ ಕನ್ನಡಕವನ್ನು ಮತ್ತೊಮ್ಮೆ ಒರೆಸಿದರು.

"ಮಗುವನ್ನು ಎತ್ತಿಕೊಂಡು ಪಕ್ಕದ ರೂಮಿಗೆ ಹೋದರು. ಸ್ಲೈಡು ಒಣಗಿಸೋ ಬಿಸಿತಟ್ಟೆ ಇದ್ದ ರೂಮು. ಮಗು ಕಿರುಚಿದ್ದು ಕೇಳಿಸಿತು."

"ಯಾಕೆ ಕಿರುಚಿತು?"

"ನಾನು ಹೋಗಿ ನೋಡಲಿಲ್ಲ. ಯಾವುದನ್ನೂ ನಾನು ಹೋಗಿ ನೋಡಲಿಲ್ಲ ಅವತ್ತು."

ಬೆರಳಮ್ಮ ಮೇಜಿನ ಮೇಲಿದ್ದ ಎರಡು ಅಚ್ಚುಗಳನ್ನು ನೋಡಿದಳು. ಬಿಸಿತಟ್ಟೆಗೆ ಮುಂಚಿನದು ಒಂದು, ನಂತರದ್ದು ಇನ್ನೊಂದು. ಮನೆಯೊಳಗೇ ಸೇರಿಸದ ಇಸ್ತ್ರಿ ಪೆಟ್ಟಿಗೆ. ಹಾಸಿಗೆಯ ಕೆಳಗಿನ ಬಟ್ಟೆ. ಅವಳು ಟೀಚರ ಅಚ್ಚಿನ ಕಾಗದವನ್ನು ಮಗುಚಿಟ್ಟಳು. ಅಚ್ಚು ಕೂಡಿಬಂತು ಎಂದು ಹಿಗ್ಗಿದ್ದಳಲ್ಲ.

"ಸ್ಲೈಡೆಲ್ಲಿ ಮೇಡಂ?"

"ಅಕ್ಕನ ಹತ್ತಿರ."

"ಏನು?"

"ಮೊನ್ನೆ ಅವರೇ ಬಂದಿದ್ದರು. ಅಷ್ಟು ವರ್ಷದ ಮೇಲೆ. ಹಾಲ್‌ನ ಫೋಟೋ ಪೇಪರಿನಲ್ಲಿ ನೋಡಿದರಂತೆ. ಮಗಳು ಬೆರಳಚ್ಚಿನವರೊಬ್ಬರನ್ನು ಹಿಡಿದಿದ್ದಾಳೆ ಅಂತ ಗೊತ್ತಾದ ಮೇಲೆ ನಿದ್ದೆ ಬರಲಿಲ್ಲವಂತೆ. ಗೋಡೆಯ ಮುಂದೆ ನಿಂತು ಮೇಲಿಂದ ಕೆಳಗಿನ ತನಕ ನೋಡಿದರು. ಆಮೇಲೆ ತಿರುಗಿ ನನ್ನ ಮುಖ ನೋಡಿದರು."

"ಬೈದರಾ?"

"ಬೈದಿದ್ದರೆ ಬದುಕಿಕೊಳ್ತಿದ್ದೆ. ನನ್ನ ಹೆಸರು ಬೇಡ, ಆ ಸ್ಲೈಡು ಕೊಡು, ಗೋಡೆಯ ಮೇಲಿರೋ ಬೆರಳು ಮುಚ್ಚಿಸು ಅಂದರು. ಕೇಳಿದ್ದು ಅಷ್ಟೇ. ನಾನು ಕೀಲಿ ತೆಗೆದುಕೊಟ್ಟೆ. ಇಷ್ಟು ವರ್ಷದಲ್ಲಿ ಅವರಿಗೆ ನಾನು ಮಾಡಿದ ಒಂದೇ ಉಪಕಾರ."

ಬೆರಳಮ್ಮ ಬಾಗಿಲ ತನಕ ಹೋಗಿ ನಿಂತಳು. "ಇದನ್ನೆಲ್ಲ ನಾಳೆ ಜನರ ಮುಂದೆ ಹೇಳ್ತೀರಾ?"

"ಸ್ಲೈಡು ತನ್ನಿ, ಹೇಳ್ತೀನಿ. ಅದಿಲ್ಲದೆ ಹೇಳಿದರೆ ಮುದುಕಿಗೆ ಅರಳುಮರಳು ಅಂತಾರೆ. ಫೋಟೋ ತಿದ್ದಿದ್ದಾರೆ ಅಂತಾರೆ. ಗಾಜಿನ ಮೇಲಿರೋ ಬೆರಳಿಗೆ ಮಾತ್ರ ಯಾರೂ ಹಾಗನ್ನೋಕೆ ಆಗಲ್ಲ." ಅವರು ಕೊನೆಗೂ ಕನ್ನಡಕ ಹಾಕಿಕೊಂಡರು. "ಬೇಗ ಹೋಗಿ. ಅವರು ಯಾಕೆ ತಗೊಂಡು ಹೋದರು ಅಂತ ನಿಮಗೂ ಗೊತ್ತಾಗಿದೆ."

* * *

ಮಹಡಿಯ ಮೇಲಿನ ಚಿಕ್ಕ ಮನೆ. ಬಾಗಿಲು ತೆರೆದೇ ಇತ್ತು. ಮೆಟ್ಟಿಲ ತಿರುವಿನಲ್ಲೇ ಬೆರಳಮ್ಮನ ಮೂಗಿಗೆ ಆ ವಾಸನೆ ಬಡಿಯಿತು. ಉಗುರುಬಣ್ಣ ತೆಗೆಯುವ ದ್ರವದ ಚುರುಕು ವಾಸನೆ. ಕೊನೆಯ ಮೆಟ್ಟಿಲುಗಳನ್ನು ಅವಳು ಓಡಿಯೇ ಹತ್ತಿದಳು.

ಟೀಚರ ತಾಯಿ ಕಿಟಕಿಯ ಮೇಜಿನ ಹತ್ತಿರ ಕೂತಿದ್ದರು. ಮುಂದೆ ಬಿಳಿ ಕಾಗದ, ಕಾಗದದ ಮೇಲೆ ಸ್ಲೈಡು. ಬಲಗಡೆ ಮುಚ್ಚಳ ತೆಗೆದಿಟ್ಟ ಬಾಟಲಿ. ಕೈಯಲ್ಲಿ ಕಡ್ಡಿಗೆ ಸುತ್ತಿದ ಹತ್ತಿ. ಸ್ಲೈಡಿನ ಕೆಂಪು ಅಂಚು ಇನ್ನೂ ಇಡಿಯಾಗಿತ್ತು.

"ಬನ್ನಿ," ಅಂದರು, ತಿರುಗದೆಯೇ. "ನೀವೇ ಇರಬೇಕು ಬೆರಳು ಓದೋರು. ಟೀ ಇಟ್ಟುಕೊಡ್ತಿದ್ದೆ, ಕೈ ಬಿಡುವಿಲ್ಲ."

"ಒರೆಸಬೇಡಿ."

"ಎರಡು ದಿನದಿಂದ ಒರೆಸೋಕೆ ಅಂತಲೇ ಕೂರ್ತೀನಿ. ನೋಡ್ತಾ ಉಳಿದುಬಿಡ್ತೀನಿ." ಅವರು ಸ್ಲೈಡನ್ನು ಬೆಳಕಿಗೆ ಎತ್ತಿದರು. "ಎಷ್ಟು ತೆಳ್ಳಗೆ ಕೊಯ್ದಿದ್ದೀನಿ ನೋಡಿ. ಆಗ ನನ್ನ ಕೈ ನಡುಗ್ತಿರಲಿಲ್ಲ."

"ಅದು ಹಾಳಾಗಿರಲಿಲ್ಲ ಅಂತ ನಿಮಗೆ..."

"ಗೊತ್ತು. ಗೋಡೆಯಷ್ಟೆತ್ತರ ಮಾಡಿ ತೋರಿಸಿದರಲ್ಲ." ಸ್ಲೈಡು ಮತ್ತೆ ಕಾಗದದ ಮೇಲೆ ಕೂತಿತು. "ಹಾಳಾಗಿದ್ದಿದ್ದರೆ ಒಂದು ಕಾರಣವಾದರೂ ಇರ್ತಿತ್ತು ನನಗೆ. ವರ್ಷಗಟ್ಟಲೆಯ ಕೆಲಸ ಒಂದು ಚಣದಲ್ಲಿ ಮಣ್ಣುಪಾಲಾಯ್ತು, ತಲೆ ಕೆಟ್ಟಿತು, ಮಗು ಅಂತಲೂ ನೋಡಲಿಲ್ಲ ಅಂತ ಹೇಳಿಕೊಳ್ತಿದ್ದೆ. ಈಗ 'ಯಾಕೆ' ಅಂದರೆ ನನ್ನ ಹತ್ತಿರ ಏನೂ ಇಲ್ಲ. ಅವನು ಒಂದು ಸುಳ್ಳು ಹೇಳಿದ, ನಾನು ಹೋಗಿ ನನ್ನ ಮಗುವಿನ ಬೆರಳು ಸುಟ್ಟೆ. ಅವನ ಕೆಲಸಾನೂ ನಾನೇ ಮಾಡಿಕೊಟ್ಟ ಹಾಗಾಯ್ತಲ್ಲ. ಸ್ಲೈಡೂ ನಾನೇ ಮಾಡಿಕೊಟ್ಟೆ, ಶಿಕ್ಷೇನೂ ನಾನೇ ಕೊಟ್ಟೆ."

ಬೆರಳಮ್ಮ ಎದುರಿನ ಕುರ್ಚಿ ಎಳೆದು ಕೂತಳು. ಆರೋಪಿಗಳನ್ನು ಮಾತಾಡಿಸಿ ಅವಳಿಗೆ ಅಭ್ಯಾಸವಿರಲಿಲ್ಲ. ಅವಳ ಪಾಲಿಗೆ ಯಾವತ್ತೂ ಬಂದದ್ದು ಬೆರಳು ಮಾತ್ರ. ಮುಖ ಬೇರೆಯವರ ಪಾಲಿಗೆ.

"ಎಷ್ಟು ಹೊತ್ತು ಹಿಡಿದಿದ್ದಿರಿ?" ಕೇಳಿದ ಮೇಲೆ ಕೇಳಬಾರದಿತ್ತು ಅನ್ನಿಸಿತು.

"ಒಂದು ಚಣ. ಬಿಸಿತಟ್ಟೆಗೆ ಅಷ್ಟು ಸಾಕು. ಅವಳು ಕಿರುಚಿದ ತಕ್ಷಣ ನನಗೆ ನಾನು ಕಾಣಿಸಿಕೊಂಡೆ. ಆಮೇಲೆ ಲ್ಯಾಬಿನ ಕಡೆ ತಲೆ ಹಾಕಲಿಲ್ಲ. ಜಗಳ ಆಡಲಿಲ್ಲ, ನನ್ನ ಕೆಲಸ ಅಂತ ಕೇಳಲಿಲ್ಲ. ಹೆದರಿದೆ ಅಂದುಕೊಂಡರು ಎಲ್ಲ. ಕೇಳೋ ಹಕ್ಕಿಲ್ಲ ಅಂದುಕೊಂಡಿದ್ದೆ, ಅಷ್ಟೇ."

ಬೆರಳಮ್ಮ ಬಾಟಲಿಯ ಕಡೆ ನೋಡಿದಳು. ಒಂದು ಹೆಸರು ಅಳಿಸಲು ದೊಡ್ಡ ಡಾಕ್ಟರು ಎಷ್ಟು ಕಡಿಮೆ ಶ್ರಮಪಟ್ಟಿದ್ದರು. ಒಂದು ಸುಳ್ಳು ಬಿಸಾಕಿ ಹೋದರು. ಉಳಿದದ್ದನ್ನೆಲ್ಲ ಈ ತಾಯಿ ತಾನೇ, ದಿನಾ, ಮನೆಯಲ್ಲಿ ಕೂತು ಮಾಡಿಕೊಂಡಳು.

"ಈ ದ್ರವ ತಾಗಿದರೆ ಬೆರಳೊಂದೇ ಹೋಗಲ್ಲ," ಅಂದಳು. "ಅಂಚು ಕರಗಿ ಮೇಲಿನ ಗಾಜು ಕಳಚುತ್ತೆ. ಒಳಗಿರೋ ಎಲೆಯೂ ಹೋಗುತ್ತೆ."

"ನನಗೆ ಹೇಳಿಕೊಡ್ತಿದ್ದೀರಾ?" ತಾಯಿ ಮೊದಲ ಸಲ ಸ್ವಲ್ಪ ನಕ್ಕರು. ಮಗಳದೇ ನಗು. "ನಿಮಗೆ ಸ್ಲೈಡು ಬೇಕು ತಾನೆ? ತಗೊಳ್ಳಿ. ನಾಳೆ ಎಲ್ಲರ ಮುಂದೆ ಇಡಿ, ನನ್ನ ಹೆಸರು ಹೇಳಿ. ಆದರೆ ಆ ಬೆರಳು ಯಾರದ್ದು ಅಂತ ಹೇಳಲ್ಲ ಅಂತ ನನಗೆ ಮಾತು ಕೊಡಿ."

"ಅದು ಯಾರದ್ದು ಅಂತ ಹೇಳದಿದ್ದರೆ ಸ್ಲೈಡು ನಿಮ್ಮದಾಗಲ್ಲ."

"ಹೇಳಿದರೆ ಅವಳು ತನ್ನ ಬೆರಳು ನೋಡಿಕೊಳ್ತಾಳೆ." ಹತ್ತಿಯ ಕಡ್ಡಿ ಬಾಟಲಿಗೆ ಇಳಿದು ಮೇಲೆ ಬಂತು. "ವಿಜ್ಞಾನ ಹೇಳೋ ಟೀಚರು. ಒಂದು ನಿಮಿಷ ಸಾಕು ಅವಳಿಗೆ. ನನಗೆ ದೊಡ್ಡ ಡಾಕ್ಟರ ಹಾಲ್ ಬೇಡಮ್ಮ. ಅವಳ ಬಾಯಲ್ಲಿ ಈಗ ನಾನು ಹೇಗಿದ್ದೀನೋ, ಹಾಗೇ ಇದ್ದು ಸಾಯ್ತೀನಿ."

ಬೆರಳಮ್ಮ ಬಾಯಿ ತೆರೆದಳು. ಆಗಲಿ ಎನ್ನುವುದು ನಾಲಗೆಯ ತುದಿಗೆ ಬಂದಿತ್ತು. ಇಡೀ ನೌಕರಿಯಲ್ಲಿ ಒಂದು ಬೆರಳಿನ ಬಗ್ಗೆ ಸುಳ್ಳು ಹೇಳದವಳು, ಈ ಒಂದು ಸಲ.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತುವ ಸದ್ದು.

"ಅಮ್ಮಾ, ಗೆದ್ದುಬಿಟ್ಟೆ ಕಣೇ ನೀನು." ಟೀಚರು ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದಳು. ಮುಖ ಬೆವೆತು ಹೊಳೆಯುತ್ತಿತ್ತು, ಹೆಬ್ಬೆರಳಿನಲ್ಲಿ ಬೆಳಗಿನ ಇಂಕು ಹಾಗೇ ಇತ್ತು. "ನನ್ನ ಹುಡುಗೀರು ಕಂಡುಹಿಡಿದರು. ಎರಡು ಫೋಟೋನೂ ಬೋರ್ಡಿನ ಮೇಲೆ ದೊಡ್ಡದು ಮಾಡಿ ಹಾಕಿದ್ದೆ. ಕೊನೇ ಬೆಂಚಿನ ಹರಟೆಮಲ್ಲಿಯರು ಗೆರೆ ಕೂಡಿಸಿ ತೋರಿಸಿದರು. ಟೀಚರ್, ಇದು ನಿಮ್ಮದೇ ಬೆರಳು ಅಂತ. ನನ್ನ ಬೆರಳು, ಅಮ್ಮಾ. ನೀನು ಕರ್ಕೊಂಡು ಹೋಗಿದ್ದೆ ನನ್ನನ್ನ. ಯಾಕೆ ಮುಚ್ಚಿಟ್ಟೆ? ಸ್ಲೈಡು ನಿಂದೇ ಅನ್ನೋಕೆ ಇನ್ನೇನು ಬೇಕು?"

ತಾಯಿ ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಡಲಿಲ್ಲ.

ಟೀಚರ ಕಣ್ಣು ಮೇಜಿಗೆ ಇಳಿಯಿತು. ಸ್ಲೈಡು. ಬಾಟಲಿ. ಹತ್ತಿ. ಬೆರಳಮ್ಮನ ಮುಖ. ನಗು ಒಮ್ಮೆಗೇ ಹೋಗಲಿಲ್ಲ, ಸ್ವಲ್ಪಸ್ವಲ್ಪವೇ ಹೋಯಿತು.

"ಒಬ್ಬ ಹುಡುಗಿ ಮಾತ್ರ ಒಂದು ಪ್ರಶ್ನೆ ಕೇಳಿದಳು," ಅಂದಳು, ದನಿ ತಗ್ಗಿಸಿ. "ಅಮ್ಮನ್ನ ಕೇಳಿ ಹೇಳ್ತೀನಿ ಅಂತ ಬಂದೆ. ಈ ಚಿಕ್ಕ ಬೆರಳಲ್ಲಿ ಗಾಯ ಇಲ್ಲವಲ್ಲ ಟೀಚರ್ ಅಂತ. ಇಸ್ತ್ರಿ ಪೆಟ್ಟಿಗೆ ಮುಟ್ಟಿದ್ದು ಇದಾದ ಮೇಲಾ, ಅಮ್ಮ?"

ಹತ್ತಿಯ ತುದಿಯಲ್ಲಿ ಹನಿಯೊಂದು ತುಂಬಿಕೊಳ್ಳುತ್ತಿತ್ತು, ಕೆಂಪು ಅಂಚಿನ ನೇರ ಮೇಲೆ. ಬೆರಳಮ್ಮ ಕೈ ಚಾಚಿದಳು. ಸ್ಲೈಡನ್ನು ಎಳೆದುಕೊಳ್ಳಬೇಕೋ, ಆ ಮುದಿ ಕೈಯನ್ನು ಹಿಡಿದುಕೊಳ್ಳಬೇಕೋ ತಿಳಿಯದೆ ಚಾಚಿದ ಕೈ ನಡುವಿನಲ್ಲೇ ನಿಂತಿತು.

ತಾಯಿ ಮಗಳ ಹೆಬ್ಬೆರಳನ್ನೇ ನೋಡುತ್ತಿದ್ದರು.

"ನಮ್ಮನೇಲಿ ಯಾವತ್ತೂ ಇಸ್ತ್ರಿ ಪೆಟ್ಟಿಗೆ ಇರಲೇ ಇಲ್ಲ ಪುಟ್ಟಿ," ಅಂದರು.